ನಾನೇ ಬೀಳಿಸಿದ ಕೋಡಿ

ನಮ್ಮ ಏರಿಕೊಪ್ಪಲಿಗೆ ಈಗ ರಮ್ಯ ಎಂಬ ಹುಡುಗಿ ನೀರುಗಂಟಿ. ಮದ್ದೂರಿನಲ್ಲಿ ಐಟಿಐ ಮುಗಿಸಿದವಳು. ಮೋಟರಿನ ಹೊಟ್ಟೆಯಲ್ಲಿ ಏನೇನಿದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲಳು. ನಾನು ನಿವೃತ್ತಿಯಾದ ದಿನ ವಾಲ್ವು ತಿರುಗಿಸುವ ಕೀಲಿಯನ್ನು ಅವಳ ಕೈಗೆ ಕೊಟ್ಟೆ. ಕೀಲಿ ಎಂದರೆ ಜೇಬಿನಲ್ಲಿ ಹಿಡಿಸುವಂಥದ್ದಲ್ಲ, ಎದೆಮಟ್ಟ ಬರುವ ಕಬ್ಬಿಣದ ಸಲಾಕೆ. ಅವಳು ಅದನ್ನು ಹೆಗಲಿಗೇರಿಸಿಕೊಂಡು, “ಮಾದೇವಣ್ಣ, ಮೋಟರು ವಾಲ್ವು ಎಲ್ಲ ನಂಗೊತ್ತು. ಈ ಜನಾನ ಎಂಗ್ ನೋಡ್ಕಳದು ಅನ್ನದ ಒಸಿ ಬರ್ಕೊಡಿ” ಅಂದಳು.

ಬರೆಯುವುದೆಂದರೆ ನನಗೆ ಗೊತ್ತಿರುವುದು ನೀರಿನ ರಿಜಿಸ್ಟರು ಒಂದೇ. ಅದರಲ್ಲಿ ದಿನಕ್ಕೊಂದು ಸಾಲು: ಮೋಟರ್ ಚಾಲೂ, ಮೋಟರ್ ಬಂದ್, ಬ್ಲೀಚಿಂಗ್ ಪೌಡರ್ ಹಾಕಲಾಗಿದೆ. ಆ ಸಾಲುಗಳ ನಡುವೆ ಏನೇನು ನಡೆಯಿತೋ ಅದನ್ನು ಬರೆಯೋಣ ಎಂದು ಕೂತರೆ ನಗು ಬಂದು ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ. ನನ್ನ ಹೆಂಡತಿ, “ಒಬ್ರೇ ಕೂತ್ಕಂಡ್ ನಗ್ತಿದ್ರೆ ಕಂಡೋರು ಏನಂದಾರು” ಎಂದು ಎರಡು ಸಲ ಬಂದು ನೋಡಿಹೋದಳು.

ಊರಿನ ನಕ್ಷೆ ಮೊದಲು ಹೇಳಿಬಿಡುತ್ತೇನೆ. ಮಳವಳ್ಳಿ ಕಡೆಯಿಂದ ಬರುವ ಬಸ್ಸು ಕೆರೆ ಏರಿಯ ಮೇಲೆ ಬಂದು ಬೋರೇಗೌಡರ ಹೋಟೆಲಿನ ಮುಂದೆ ನಿಲ್ಲುತ್ತದೆ. ಏರಿಯ ಆ ತುದಿಗೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ನಮ್ಮ ಕುಡಿಯುವ ನೀರಿನ ದೊಡ್ಡ ಟ್ಯಾಂಕು. ದಿಣ್ಣೆಯ ಬುಡದಲ್ಲೇ ಕೆರೆಯ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಕಲ್ಲುಸಾಲಿನ ಮೇಲೆ ಹರಿದು ಹಳ್ಳಕ್ಕೆ ಬೀಳುವ ಜಾಗ. ಏರಿಯ ಕೆಳಗೆ ಊರು. ಮೊದಲು ಮೇಲಿನ ಬೀದಿ, ಗೌಡರ ಮನೆಗಳು. ಆಮೇಲೆ ಕೆಳಗಿನ ಬೀದಿ, ನಮ್ಮ ಜನರ ಮನೆಗಳು. ನೀರಿನ ಪೈಪೂ ಅದೇ ಕ್ರಮದಲ್ಲಿ ಹೋಗಿತ್ತು. ಹಾಕಿದ ಕಂಟ್ರಾಕ್ಟರು ಊರಿನ ಸ್ವಭಾವ ನೋಡಿಯೇ ಹಾಕಿದ್ದ.

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮಾಡಿದ ಘನಕಾರ್ಯ ಕೇಳಿ. ಎಲ್ಲರಿಗೂ ಸಮನಾಗಿ ಹಂಚಬೇಕು ಎಂದು ಎರಡೂ ಬೀದಿಯ ವಾಲ್ವುಗಳನ್ನು ಒಟ್ಟಿಗೇ ತೆರೆದೆ. ಮೇಲಿನ ಬೀದಿಗೆ ಕಿರುಬೆರಳ ಗಾತ್ರದ ನೀರು, ಕೆಳಗಿನ ಬೀದಿಗೆ ಬರೀ ಗಾಳಿ. ನಲ್ಲಿಗಳೆಲ್ಲ ಒಂದೇ ಸಮನೆ ಊದತೊಡಗಿದವು. ಮೇಲಿನ ಬೀದಿಯ ಜಯಮ್ಮ, ಮುಂದೆ ಪಂಚಾಯಿತಿ ಅಧ್ಯಕ್ಷೆಯಾದ ಜಯಮ್ಮನೇ, ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ದಿಣ್ಣೆ ಹತ್ತಿ ಬಂದರು.

“ಏನ್ಲಾ ಮಾದೇವ, ನೀರ್ ಬುಡು ಅಂದ್ರೆ ನಲ್ಲೀಲಿ ಸಂಖ ಊದಿಸ್ತಿದ್ದೀಯಲ್ಲಾ.”

“ಎಲ್ರಿಗೂ ಒಂದೇ ಸಲ ಬುಟ್ಟಿವ್ನಿ ಕಣಕ್ಕ.”

“ಎಲ್ರಿಗೂ ಒಂದೇ ಸಲ ಬುಟ್ರೆ ಯಾರ್ಗೂ ಇಲ್ಲ ಅಂತ ಅರ್ಥ. ಒಬ್ರಾದ್ಮೇಲೆ ಒಬ್ರಿಗೆ ಬುಡು.”

ಒಬ್ಬರಾದ ಮೇಲೆ ಒಬ್ಬರಿಗೆ, ಸರಿ. ಮೊದಲು ಯಾರಿಗೆ? ಒಂದು ದಿನ ಮೇಲಿನ ಬೀದಿ ಮೊದಲು, ಮಾರನೇ ದಿನ ಕೆಳಗಿನ ಬೀದಿ ಮೊದಲು ಎಂದು ನಾನು ಶುರುಮಾಡಿದೆ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಒಬ್ಬ ಹಿರಿಯರು, “ನೀರು ಯಾವತ್ತಾರ ಕೆಳಗಿಂದ ಮೇಲಕ್ಕೆ ಅರಿದಿದ್ದುಂಟೇನ್ಲಾ?” ಎಂದು ಕೇಳಿದರು. “ಇದು ಒಳೆ ನೀರಲ್ಲ ಗೌಡ್ರೆ, ಕೀಲಿ ನೀರು. ಕೀಲಿ ಎತ್ತಾಗ್ ತಿರುಗ್ತದೋ ಅತ್ತಾಗ್ ಅರೀತದೆ” ಅಂದೆ. ಹೇಳಿದ್ದು ಗಟ್ಟಿಯಾಗಿಯೇ, ಹೇಳಿದ ಮೇಲೆ ಮೆಲ್ಲಗೆ ಅರಳಿಮರದ ಹಿಂದಕ್ಕೆ ಸರಿದು ನಿಂತೆ. ಆ ವ್ಯಾಜ್ಯ ನನ್ನ ನ್ಯಾಯದಿಂದಾಗಲಿ ಧೈರ್ಯದಿಂದಾಗಲಿ ಮುಗಿಯಲಿಲ್ಲ, ನಿದ್ದೆಯಿಂದ ಮುಗಿಯಿತು. ಜಯಮ್ಮ ಎದ್ದು, “ನಮ್ ಬೀದಿ ದಿನಾ ಮೊದ್ಲು ಅಂದ್ರೆ ನಾವು ದಿನಾ ಐದ್ ಗಂಟೆಗೇ ಏಳ್ಬೇಕು. ದಿನ ಬುಟ್ ದಿನ ಆದ್ರೆ ಒಂದಿನನಾರ ಬೆನ್ನು ನೆಲಕ್ಕಾಯ್ತದೆ” ಅಂದರು. ಮೇಲಿನ ಬೀದಿಯ ಹೆಂಗಸರೆಲ್ಲ ಒಪ್ಪಿಬಿಟ್ಟರು, ಗಂಡಸರು ಬಾಯಿಮುಚ್ಚಿಕೊಂಡರು. ರಮ್ಯ, ಇದನ್ನು ನೆನಪಿಡು. ಊರಲ್ಲಿ ದೊಡ್ಡ ಬದಲಾವಣೆ ತರಬೇಕಾದರೆ ಹೆಂಗಸರಿಗೆ ಒಂದು ಗಂಟೆ ನಿದ್ದೆ ಉಳಿಯುತ್ತದೆಯೇ ನೋಡಿಕೋ.

ನೀರುಗಂಟಿಗೆ ಪೇಪರು ಬೇಕಾಗಿಲ್ಲ. ನಲ್ಲಿಯ ಮುಂದೆ ಎರಡು ಬಿಂದಿಗೆ ಹೆಚ್ಚಾದರೆ ಆ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಎರಡು ಕಡಿಮೆಯಾದರೆ ಅತ್ತೆ ಸೊಸೆ ಬೇರೆಯಾಗಿದ್ದಾರೆ, ಸೊಸೆ ಬೇರೆ ನಲ್ಲಿಗೆ ಹೋಗಿದ್ದಾಳೆ. ಸಾವಾದ ಬೀದಿಗೆ ಸರದಿ ನೋಡದೆ ಮೊದಲು ನೀರು ಬಿಡಬೇಕು. ಇದು ಯಾವ ಸುತ್ತೋಲೆಯಲ್ಲೂ ಇಲ್ಲ, ಆದರೆ ಇದರಲ್ಲಿ ತಪ್ಪಿದರೆ ಊರು ಕ್ಷಮಿಸುವುದಿಲ್ಲ. ಒಮ್ಮೆ ನಾನು ಸಾವು ಎಂದು ಕೇಳಿ ಮೇಲಿನ ಬೀದಿಗೆ ಅವಸರವಾಗಿ ನೀರು ಬಿಟ್ಟೆ. ಸತ್ತದ್ದು ಒಂದು ಮನೆಯವರು ಬಂಡೂರಿನಿಂದ ತಂದ ಟಗರು. ಆದರೂ ಆ ಮನೆಯವರು ಬಂದು ಕೈಮುಗಿದು ಹೋದರು.

ಪೌಡರಿನ ವಿಷಯ ಮಾತ್ರ ನಗುವಂಥದ್ದಲ್ಲ, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಸೇರಿದ ಎರಡನೇ ವರ್ಷ ಬ್ಲೀಚಿಂಗ್ ಪೌಡರಿನ ಮೂಟೆ ಖಾಲಿಯಾಗಿತ್ತು. ಬೇರೊಂದು ಬರುವವರೆಗೆ ರಿಜಿಸ್ಟರಿನಲ್ಲಿ ‘ಹಾಕಲಾಗಿದೆ’ ಎಂದು ಬರೆಯುತ್ತಾ ಇರು ಎಂದು ಆಗಿನ ಕಾರ್ಯದರ್ಶಿ ಹೇಳಿದರು. ನಾನೂ ಬರೆದೆ. ಹತ್ತು ದಿನಕ್ಕೆ ಕೆಳಗಿನ ಬೀದಿಯಲ್ಲಿ ವಾಂತಿಭೇದಿ. ಮಳವಳ್ಳಿ ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ನನ್ನ ಅವ್ವನೂ ಒಬ್ಬಳು. ಕೈಗೆ ಡ್ರಿಪ್ ಹಾಕಿಸಿಕೊಂಡು, “ನೀ ಬುಟ್ಟ ನೀರ್ನೇ ಕಣ್ಲಾ ಕುಡ್ದಿದ್ದು” ಅಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಎಲ್ಲರೂ ಬದುಕಿ ಬಂದರು. ಅವತ್ತಿನಿಂದ ನಿವೃತ್ತಿಯಾಗುವ ತನಕ ಪೌಡರು ಹಾಕದೆ ನಾನು ಒಂದು ದಿನವೂ ನೀರು ಬಿಟ್ಟಿಲ್ಲ. ಅವ್ವನ ಮೂಗು ಎಷ್ಟು ಚುರುಕಾಯಿತೆಂದರೆ, ನೀರಿನ ವಾಸನೆ ನೋಡಿಯೇ “ಇವತ್ತು ಒಂದ್ ಚಮಚ ಕಮ್ಮಿ ಆಕಿದ್ದೀಯ” ಅನ್ನುತ್ತಿದ್ದಳು. ಬೋರೇಗೌಡರದು ಬೇರೆ ತಕರಾರು. “ಮಾದೇವ, ನಾನ್ ಓಟ್ಲು ಮಡಗಿವ್ನೋ ಆಸ್ಪತ್ರೆ ಮಡಗಿವ್ನೋ? ಟೀ ಕುಡ್ದೋರು ಸೂಜಿ ಎಲ್ಲಿ ಅಂತ ಕೇಳ್ತಾವ್ರೆ.”

ಈಚೆಗೆ ಮೊಬೈಲ್ ಸ್ಟಾರ್ಟರ್ ಬಂತು. ಮನೆಯಲ್ಲಿ ಕೂತು ಫೋನು ಮಾಡಿದರೆ ಕೆರೆ ಹಿಂದಿನ ಬೋರಿನ ಮೋಟರು ಓಡುತ್ತದೆ. ಒಮ್ಮೆ ಎರಡು ದಿನ ಮೋಟರು ಏಳಲಿಲ್ಲ. ಬೋರು ಬತ್ತಿತು ಎಂದು ಊರೆಲ್ಲ ಕಂಗಾಲು. ಮಾರಮ್ಮನಿಗೆ ಹರಕೆ ಕಟ್ಟಿದರು. ಕೊನೆಗೆ ನೋಡಿದರೆ ಸ್ಟಾರ್ಟರ್ ಒಳಗಿನ ಸಿಮ್ಮಿಗೆ ರೀಚಾರ್ಜ್ ಮುಗಿದಿತ್ತು. ರೀಚಾರ್ಜ್ ಮಾಡಿಸಿದೆ, ನೀರು ಬಂತು, ಪೂಜೆ ಮಾರಮ್ಮನಿಗೆ ಆಯಿತು. ನಾನೂ ಪ್ರಸಾದ ತಿಂದು ಸುಮ್ಮನಾದೆ.

ಇನ್ನು ಕೋಡಿಯ ಕಥೆ. ಇದನ್ನು ಬರೆಯದೆ ಬಿಟ್ಟರೆ ಊರಿನವರು ನನ್ನನ್ನು ಬಿಡುವುದಿಲ್ಲ.

ಸ್ಟಾರ್ಟರ್ ಬರುವುದಕ್ಕೂ ಬಹಳ ಮೊದಲಿನ ಮಾತು. ಆಗ ನಾನು ಇನ್ನೂ ಖಾಯಂ ಆಗಿರಲಿಲ್ಲ. ವರ್ಷಗಟ್ಟಲೆ ಕೀಲಿ ಹೊತ್ತಿದ್ದರೂ ಕಾಗದದ ಮೇಲೆ ನಾನು ಯಾರೂ ಅಲ್ಲ. ನನ್ನ ನೇಮಕದ ಅನುಮೋದನೆಯ ಕಡತ ಕೊನೆಗೂ ತಾಲ್ಲೂಕು ಪಂಚಾಯಿತಿ ಅಧಿಕಾರಿಯ ಮೇಜಿಗೆ ಹೋಗಿತ್ತು. ಆ ಅಧಿಕಾರಿ ಹೊಸದಾಗಿ ಬಂದಿದ್ದ ಒಬ್ಬ ಮೇಡಂ. ಕಟ್ಟುನಿಟ್ಟು. ಒಂದು ದೂರು ಬಂದರೂ ಕಡತ ವಾಪಸು, ಆ ಜಾಗಕ್ಕೆ ಬೇರೆಯವರು ಎಂದು ಅವರು ಹೇಳಿ ಕಳಿಸಿದ್ದರು. ನನ್ನ ಹೆಂಡತಿ ಆ ತಿಂಗಳು ನನ್ನನ್ನು ನೋಡಿಕೊಂಡದ್ದು ಮೊಟ್ಟೆಗೆ ಕೂತ ಕೋಳಿಯನ್ನು ನೋಡಿಕೊಂಡ ಹಾಗೆ.

ಇನ್ನೊಂದು ಸಂಗತಿಯೂ ಗೊತ್ತಿರಬೇಕು. ಕೆರೆ ಕೋಡಿ ಬಿದ್ದ ಸುದ್ದಿಯನ್ನು ಮೊದಲು ಸಾರಿದವರಿಗೆ ಊರಿನಿಂದ ಒಂದು ಪಂಚೆ ಕೊಡುವುದು ಏರಿಕೊಪ್ಪಲಿನ ಪದ್ಧತಿ. ಹಿಂದೆ ಒಂದು ಮಳೆಗಾಲದಲ್ಲಿ ಕೋಡಿಯನ್ನು ಮೊದಲು ಕಂಡವನು ನಮ್ಮಪ್ಪ. ಓಡಿಬಂದು ಮೇಲಿನ ಬೀದಿಯ ಒಬ್ಬರಿಗೆ ಹೇಳಿದ. ಅವರು ಹೋಗಿ ಊರಿಗೆ ಸಾರಿದರು, ಪಂಚೆ ಅವರ ಹೆಗಲೇರಿತು. ಅಪ್ಪ ಅದನ್ನು ಯಾರ ಮುಂದೆಯೂ ಆಡಲಿಲ್ಲ, ಮನೆಯಲ್ಲಿ ಮಾತ್ರ ಪ್ರತಿ ಮಳೆಗಾಲ ಆಡಿದ. ಸಾಯುವ ತನಕ ಆಡಿದ.

ಆ ವರ್ಷ ಒಂದು ವಾರ ಜಡಿಮಳೆ. ಪಕ್ಕದ ಚಿಕ್ಕನದೊಡ್ಡಿಯ ಕೆರೆ ಕೋಡಿ ಬಿದ್ದು, ಶಾಸಕರು ಬಂದು ಬಾಗಿನ ಬಿಟ್ಟು ಹೋಗಿದ್ದರು. ನಮ್ಮ ಕೆರೆಗೆ ಇನ್ನೂ ಒಂದು ಗೇಣು ಬಾಕಿ. ಊರಿನ ಜನ ದಿನಾ ಹೋಗಿ ಗೇಣು ಹಾಕಿ ಹಾಕಿ ಬರುತ್ತಿದ್ದರು. ಒಂದು ಬೆಳಗ್ಗೆ ನಾನು ಟ್ಯಾಂಕು ತೊಳೆಯಬೇಕೆಂದು ಅದರ ತಳದ ವಾಲ್ವು ತೆರೆದೆ. ಆ ನೀರು ಒಂದು ಚರಂಡಿಯಲ್ಲಿ ದಿಣ್ಣೆ ಇಳಿದು ಕೋಡಿಯ ಕಲ್ಲುಸಾಲಿನ ಪಕ್ಕದಲ್ಲೇ ಹಳ್ಳಕ್ಕೆ ಬೀಳುತ್ತದೆ. ಟ್ಯಾಂಕು ಬರಿದಾಗಲು ಹೊತ್ತಾಗುತ್ತದೆ. ಅಷ್ಟರಲ್ಲಿ ಒಂದು ಟೀ ಕುಡಿಯೋಣ ಎಂದು ಬೋರೇಗೌಡರ ಹೋಟೆಲಿಗೆ ಹೋಗಿ ಬೆಂಚಿನ ಮೇಲೆ ಕೂತೆ.

ಬೋರೇಗೌಡರು ಟೀ ಸೋಸುತ್ತಾ ಸೋಸುತ್ತಾ ನಿಂತುಬಿಟ್ಟರು. “ಲೋ ಮಾದೇವ, ಅಲ್ ನೋಡ್ಲಾ. ಕೋಡೀಲಿ ನೊರೆ.”

ನೋಡಿದೆ. ಹೋಟೆಲಿನಿಂದ ಕಲ್ಲುಸಾಲು ಕಾಣುವುದಿಲ್ಲ, ಲಂಟಾನದ ಪೊದೆ ಅಡ್ಡ. ಪೊದೆಯ ಕೆಳಗೆ ಹಳ್ಳದಲ್ಲಿ ಬೆಳ್ಳಗೆ ನೀರು ಬೀಳುತ್ತಿತ್ತು. ಹತ್ತು ನಿಮಿಷದ ಹಿಂದೆ ವಾಲ್ವು ತೆರೆದವನು ನಾನು. ಆ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನೂ ನಾನು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಟ್ಯಾಂಕೂ ಇರಲಿಲ್ಲ, ವಾಲ್ವೂ ಇರಲಿಲ್ಲ. ಪಂಚೆ ಒಂದೇ ಇತ್ತು. ಟೀ ಲೋಟ ಅಲ್ಲೇ ಬಿಟ್ಟು ಓಡಿದೆ. ಮಾರಮ್ಮನ ಗುಡಿಯ ಮೈಕು ಹಿಡಿದು, “ಏರಿಕೊಪ್ಪಲಿನ ಮಹಾಜನಗಳಲ್ಲಿ ವಿನಂತಿ. ನಮ್ಮ ಕೆರೆ ಕೋಡಿ ಬಿದ್ದಿದೆ. ಮೊದಲು ಕಂಡವನು ಕೆಳಗಿನ ಬೀದಿಯ ಮಾದೇವ. ಮತ್ತೊಮ್ಮೆ ಹೇಳುತ್ತೇನೆ, ಮೊದಲು ಕಂಡವನು ಕೆಳಗಿನ ಬೀದಿಯ ಮಾದೇವ” ಎಂದು ಸಾರಿದೆ. ಮೊದಲು ಕಂಡವರು ಬೋರೇಗೌಡರು ಎಂಬುದು ಆಗ ನೆನಪಿಗೆ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ ಅನ್ನಿ.

ಊರಿಗೆ ಊರೇ ಏರಿ ಹತ್ತಿತು. ಪೊದೆಯಲ್ಲಿ ಹಾವು ಎಂದು ಯಾರೂ ಹತ್ತಿರ ಹೋಗಲಿಲ್ಲ, ದೂರದಿಂದಲೇ ಕೈಮುಗಿದರು. ಅಧ್ಯಕ್ಷೆ ಜಯಮ್ಮ ಅಲ್ಲೇ ನಿಂತು ಶಾಸಕರಿಗೆ ಫೋನು ಮಾಡಿಸಿದರು. ನಾಳಿದ್ದು ಹತ್ತು ಗಂಟೆಗೆ ಬಾಗಿನಕ್ಕೆ ಬರುತ್ತೇನೆ, ತಾಲ್ಲೂಕಿನ ಅಧಿಕಾರಿಗಳನ್ನೂ ಕರೆತರುತ್ತೇನೆ ಎಂದು ಅವರು ಒಪ್ಪಿಕೊಂಡರು. ಯಾರೋ ಆಗಲೇ ಫ್ಲೆಕ್ಸ್ ಬರೆಸಲು ಮದ್ದೂರಿಗೆ ಬೈಕು ಹತ್ತಿದರು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಕೋಡಿಯ ನೀರು ಸಣ್ಣಗಾಯಿತು. ಮಗುವಿನ ಉಚ್ಚೆಯಷ್ಟಾಯಿತು. ನಿಂತಿತು.

“ಕೋಡಿ ನಿಂತೋಯ್ತಲ್ಲೋ” ಅಂದರು ಯಾರೋ. ಅದೇ ಹೊತ್ತಿಗೆ ನಮ್ಮ ಬೀದಿಯ ಹೆಂಗಸೊಬ್ಬಳು ಬಿಂದಿಗೆ ಹಿಡಿದು ಬಂದು, “ಮಾದೇವಣ್ಣ, ಇವತ್ತು ನಮ್ ಬೀದಿ ಮೊದ್ಲು. ನಲ್ಲೀಲಿ ತೊಟ್ಟು ನೀರಿಲ್ಲ” ಅಂದಳು. ತೆರೆದಿಟ್ಟು ಬಂದ ತಳದ ವಾಲ್ವು ನನಗೆ ಆಗ ನೆನಪಾಯಿತು.

ನಾನು ಜಯಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಬಾಯಿಗೆ ಸೆರಗು ಹಿಡಿದರು. ಅಳುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ನಗು. ನಕ್ಕು ನಕ್ಕು ಏರಿಯ ಮೇಲೆ ಕೂತುಬಿಟ್ಟರು.

“ಅಯ್ಯೋ ಮುಂಡೇದೆ. ಟ್ಯಾಂಕ್ ತೊಳೆಯೋ ನೀರಿಗೆ ಎಂಎಲ್ಲೆ ಕರ್ಸಿದ್ದೀಯಲ್ಲೋ.”

“ಬರ್ಬೇಡಿ ಅಂತ ಫೋನ್ ಮಾಡ್ಸಕ್ಕ.”

“ಯಾಕೆ ಅಂದ್ರೆ ಏನೇಳನ? ನಮ್ ನೀರ್ಗಂಟಿ ಸುಳ್ಳು ಸಾರ್ದ ಅನ್ನನಾ? ಆ ಮೇಡಂ ಪಕ್ಕದಲ್ಲೇ ಕೂತಿರ್ತಾರೆ. ನಿನ್ ಕಾಗ್ದ ಆವತ್ತೇ ಅರ್ದೋಯ್ತದೆ. ಚಿಕ್ಕನದೊಡ್ಡಿಯೋರು ಉಗ್ದು ಉಪ್ಪಾಕ್ತಾರೆ, ಅದು ಬೇರೆ.”

ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಎರಡು ಬೀದಿಯ ಜನವೂ ಸೇರಿದರು. ಜಯಮ್ಮನೇ ಉಪಾಯ ಹೇಳಿದರು. ತ್ರೀ ಫೇಸ್ ಕರೆಂಟು ಬರುವುದು ದಿನಕ್ಕೆ ನಾಲ್ಕೋ ಐದೋ ಗಂಟೆ. ಆ ಕರೆಂಟಿನಲ್ಲಿ ಟ್ಯಾಂಕು ತುಂಬಿ ನಿಲ್ಲಬೇಕಾದರೆ ನಾಳಿದ್ದಿನ ತನಕ ಯಾವ ಬೀದಿಗೂ ನೀರು ಬಿಡಬಾರದು. ಶಾಸಕರು ಬಂದ ಕೂಡಲೇ ತಳದ ವಾಲ್ವು ತೆರೆದರೆ ಅರ್ಧ ಗಂಟೆ ಕೋಡಿ ಬೀಳುತ್ತದೆ. ಅಷ್ಟರಲ್ಲಿ ಬಾಗಿನ ಮುಗಿಸಿ ಸಾಗಹಾಕಬೇಕು.

“ಎರಡ್ ದಿನ ನಲ್ಲಿ ನೀರಿಲ್ದಿದ್ರೆ ಸತ್ತೋಯ್ತೀರಾ?” ಎಂದು ಜಯಮ್ಮ ಕೇಳಿದರು. ಯಾರೂ ಸಾಯುವಂತೆ ಕಾಣಲಿಲ್ಲ. ಎಲ್ಲರ ಮುಖದಲ್ಲೂ ಒಂದು ತುಂಟತನ ಬಂದಿತ್ತು. ಇದೆಲ್ಲ ನನಗಾಗಿ ಮಾಡಿದರು ಅಂದುಕೊಂಡರೆ ನನ್ನಂಥ ಮಂಕ ಬೇರೆ ಇಲ್ಲ. ಮುಕ್ಕಾಲು ಪಾಲು ಚಿಕ್ಕನದೊಡ್ಡಿಗಾಗಿ. ಉಳಿದ ಕಾಲು ಪಾಲು ನನಗಾಗಿ, ಅಷ್ಟು ಸಾಕು. ಬೋರೇಗೌಡರು ಹೋಗುವಾಗ ನನ್ನ ಬೆನ್ನು ತಟ್ಟಿ, “ಮೊದ್ಲು ಕಂಡೋನು ನಾನು ಅಂತ ಮೈಕಲ್ಲಿ ಏಳ್ಲಿಲ್ವಲ್ಲ, ನನ್ ಮಾನ ಉಳಿಸ್ದೆ ಕಣ್ಲಾ” ಅಂದರು.

ಕರೆಂಟಿಲ್ಲದೆ ನೀರು ಬರುವುದು ಊರಲ್ಲಿ ಒಂದೇ ಕಡೆ, ಕೆಳಗಿನ ಬೀದಿಯ ಬೋರಿಂಗು, ಕೈಯಲ್ಲಿ ಒತ್ತುವಂಥದ್ದು. ಅದು ನಮ್ಮ ಮನೆಯ ಮುಂದೆಯೇ ಇದೆ. ಮಾರನೇ ಬೆಳಗ್ಗೆ ನಾನು ಬಾಗಿಲು ತೆಗೆದರೆ ಮೇಲಿನ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದಾರೆ. ಆ ಬೋರಿಂಗಿಗೆ ಅವರು ಹಿಂದೆ ಯಾವತ್ತೂ ಬಂದವರಲ್ಲ. ಅದರ ನೀರು ಅವರ ಒಲೆಯ ಮೇಲೆ ಏರಿದ್ದೂ ಇಲ್ಲ. ಅವ್ವ ಹಿಡಿಯ ಮೇಲೆ ಕೈಯಿಟ್ಟುಕೊಂಡು ದೊರೆಸಾನಿಯ ಹಾಗೆ ನಿಂತಿದ್ದಳು.

“ಸರತೀಲಿ ನಿಂತ್ಕಳ್ರವ್ವ. ಇಲ್ಲಿ ಯಾರ್ ಮೊದ್ಲು ಬಂದ್ರೋ ಅವರೇ ಮೊದ್ಲು.”

ಸರದಿಯಲ್ಲಿ ಜಯಮ್ಮ ಆರನೆಯವರು. ಬಿಂದಿಗೆ ಸೊಂಟಕ್ಕಿಟ್ಟುಕೊಂಡು ತಮ್ಮ ಸರದಿ ಕಾಯುತ್ತಿದ್ದರು. ನಾನು ಒಳಗೆ ಹೋಗಿ ಹಿತ್ತಲ ಬಾಗಿಲಲ್ಲಿ ಕೂತು ಒಂದು ಗಳಿಗೆ ಅತ್ತೆ. ಆಮೇಲೆ ಮುಖ ತೊಳೆದುಕೊಳ್ಳೋಣ ಎಂದರೆ ಮನೆಯಲ್ಲಿ ನೀರಿಲ್ಲ.

ಬಾಗಿನದ ದಿನ ಬಂತು. ಒಣಗಿದ ಕಲ್ಲುಸಾಲು ಶಾಸಕರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಲಂಟಾನದ ಮುಂದೆ ಶಾಸಕರದೇ ದೊಡ್ಡ ಫ್ಲೆಕ್ಸ್ ನಿಲ್ಲಿಸಿದರು. ತಮ್ಮ ಮುಖವನ್ನು ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಎಂದು ನೋಡುವ ಶಾಸಕರು ಇನ್ನೂ ಹುಟ್ಟಿಲ್ಲ. ನಾನು ದಿಣ್ಣೆಯ ಮೇಲೆ ಕೀಲಿ ಹಿಡಿದು ಕೂತೆ. ಏರಿಯ ತಿರುವಿನಲ್ಲಿ ಕಾರು ಕಂಡ ಕೂಡಲೇ ಬೋರೇಗೌಡರು ಕೆಂಪು ಟವೆಲು ಬೀಸಬೇಕು, ನಾನು ವಾಲ್ವು ತೆರೆಯಬೇಕು.

ಹತ್ತಾಯಿತು, ಹನ್ನೊಂದಾಯಿತು. ಟವೆಲು ಕಂಡಿತು. ತೆರೆದೆ. ಕೋಡಿ ಧುಮುಕಿತು, ವಾಲಗ ಶುರುವಾಯಿತು, ಹೆಂಗಸರು ಸೋಬಾನೆ ಎತ್ತಿದರು. ಬಂದದ್ದು ಡೇರಿಯ ಹಾಲಿನ ವ್ಯಾನು. ಡ್ರೈವರು ಇಳಿದು ಗಾಬರಿಯಿಂದ ಕೈಮುಗಿದ. ನಾನು ಮುಚ್ಚಿದೆ. ಹತ್ತು ನಿಮಿಷಕ್ಕೆ ಮತ್ತೆ ಟವೆಲು. ಮತ್ತೆ ತೆರೆದೆ. ಈ ಸಲ ಬೋರೇಗೌಡರು ಬೀಸಿದ್ದಲ್ಲ, ಬೆವರು ಒರೆಸಿಕೊಂಡದ್ದು. ಕೆಳಗಿನಿಂದ ಜಯಮ್ಮ ಬೈದದ್ದು ದಿಣ್ಣೆಯ ಮೇಲಕ್ಕೂ ಕೇಳಿಸಿತು. ಟ್ಯಾಂಕಿನ ಕಾಲು ಭಾಗ ಹಾಲಿನವನಿಗೂ ಬೆವರಿಗೂ ಹೋಗಿತ್ತು.

ಕೊನೆಗೆ ಮೂರು ಕಾರು ಬಂದವು. ಕೋಡಿ ಬಿತ್ತು, ಚೆನ್ನಾಗಿಯೇ ಬಿತ್ತು. ಶಾಸಕರು ಫ್ಲೆಕ್ಸಿನ ಮುಂದೆ ನಿಂತು ಮೊರದ ಬಾಗಿನ ತೇಲಿಬಿಟ್ಟರು. “ನಾನು ಕಾಲಿಟ್ಟ ಕಡೆ ಕೆರೆ ತುಂಬುತ್ತದೆ” ಎಂದು ಮೈಕಿನಲ್ಲಿ ಹೇಳಿದರು. ಊರಿನ ಜನ ನಗು ತಡೆಹಿಡಿದುಕೊಂಡು ಚಪ್ಪಾಳೆ ತಟ್ಟಿದರು. ಒಬ್ಬರೂ ಬಾಯಿಬಿಡಲಿಲ್ಲ.

ನಾನು ಮೇಲಿನಿಂದ ನೋಡುತ್ತಿದ್ದೆ. ಅಧಿಕಾರಿ ಮೇಡಂ ಹಳ್ಳದ ಅಂಚಿಗೆ ಬಗ್ಗಿ, ಗಂಗಮ್ಮನ ತೀರ್ಥ ಎಂದು ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಿಂತರು. ಕೈ ಮೂಸಿ ನೋಡಿದರು. ಆಮೇಲೆ ತಲೆ ಎತ್ತಿ, ನೀರು ಬರುವ ಚರಂಡಿಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ದಿಣ್ಣೆ ಹತ್ತತೊಡಗಿದರು. ಓಡಿಹೋಗೋಣ ಎಂದರೆ ಕೀಲಿ ವಾಲ್ವಿನಲ್ಲಿ ಸಿಕ್ಕಿಕೊಂಡಿತ್ತು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

“ಕೆರೆಗೂ ಬ್ಲೀಚಿಂಗ್ ಪೌಡರ್ ಹಾಕ್ತೀರೇನ್ರೀ?” ಅಂದರು.

ಸುಳ್ಳು ಹೇಳಲು ನಾಲಿಗೆ ತಿರುಗಲಿಲ್ಲ. “ಇಲ್ಲ ಮೇಡಂ. ಕೆರೆ ಕೋಡಿ ಬಿದ್ದಿಲ್ಲ. ಇದು ಕುಡಿಯೋ ನೀರು. ತಪ್ಪು ಸಾರ್ದೋನು ನಾನು, ಊರೋರ್ದು ಏನೂ ಇಲ್ಲ” ಅಂದೆ. ಪಂಚೆಯ ಆಸೆಯನ್ನೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಅಪ್ಪನ ವಿಷಯವನ್ನೂ ಹೇಳಿಬಿಟ್ಟೆ.

ಅವರು ಟ್ಯಾಂಕಿನ ಬುಡದಲ್ಲಿದ್ದ ಪೌಡರಿನ ಮೂಟೆಯ ಬಾಯಿ ಬಿಚ್ಚಿ ನೋಡಿದರು. ಅಳತೆಯ ಡಬ್ಬ ನೋಡಿದರು. ರಿಜಿಸ್ಟರು ತಿರುವಿದರು.

“ದಿನಾ ಹಾಕ್ತೀರಾ?”

“ದಿನಾ ಮೇಡಂ. ಇವತ್ತೂ ಆಕಿವ್ನಿ. ಎಂಎಲ್ಲೆ ಸಾಯೇಬ್ರು ಮುಟ್ಟೋ ನೀರು ಅಂತ ಒಂದ್ ಚಮಚ ಜಾಸ್ತೀನೆ ಬಿದ್ದದೆ.”

“ಎಲ್ಲಾ ಊರಿನ ರಿಜಿಸ್ಟರಿನಲ್ಲೂ ‘ಹಾಕಲಾಗಿದೆ’ ಅಂತ ಓದಿದ್ದೇನೆ. ನೀರಿನಲ್ಲಿ ಸಿಕ್ಕಿದ್ದು ಇವತ್ತೇ” ಅಂದರು. ಇಳಿಯುವಾಗ ತಿರುಗಿ, “ಇನ್ನು ಮುಚ್ಚಿ. ಉಳಿದದ್ದನ್ನು ಊರಿಗೆ ಬಿಡಿ” ಅಂದರು. ನಕ್ಕರೋ ಇಲ್ಲವೋ ನನಗೆ ಕಾಣಿಸಲಿಲ್ಲ.

ಹದಿನೈದು ದಿನ ನಮ್ಮ ಮನೆಯ ಒಲೆ ಸರಿಯಾಗಿ ಉರಿಯಲಿಲ್ಲ. ಹದಿನಾರನೇ ದಿನ ಒಂದು ಲಕೋಟೆ ಬಂತು. ಒಳಗೆ ಎರಡು ಕಾಗದ. ಒಂದು ನನ್ನ ನೇಮಕದ ಅನುಮೋದನೆ. ಇನ್ನೊಂದು, ಒಂದು ಟ್ಯಾಂಕು ಕುಡಿಯುವ ನೀರನ್ನು ಪೋಲು ಮಾಡಿದ್ದಕ್ಕೆ ಕಾರಣ ಕೇಳಿ ನೋಟಿಸು. ಖಾಯಂ ಆದ ದಿನವೇ ನೋಟಿಸು ಪಡೆದ ನೌಕರ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. “ಸಂತೋಷದಲ್ಲಿ ವಾಲ್ವು ಮರೆತೆನು, ಕ್ಷಮಿಸಬೇಕು” ಎಂದು ಉತ್ತರ ಬರೆದೆ. ಅದರ ಮೇಲೆ ಏನು ಕ್ರಮವಾಯಿತೋ ಇವತ್ತಿಗೂ ತಿಳಿಯದು.

ಕೆರೆ ನಿಜವಾಗಿ ಕೋಡಿ ಬಿದ್ದದ್ದು ಎರಡು ವರ್ಷ ಕಳೆದ ಮೇಲೆ. ಬೆಳಗ್ಗೆ ದಿಣ್ಣೆ ಹತ್ತುವಾಗ ನಾನೇ ಕಂಡೆ. ಮೊದಲು ಹೋಗಿ ವಾಲ್ವು ಮುಟ್ಟಿ ನೋಡಿದೆ, ಬಿಗಿಯಾಗಿ ಮುಚ್ಚಿತ್ತು. ಪೊದೆ ಸರಿಸಿ ಹೋಗಿ ಕಲ್ಲುಸಾಲು ನೋಡಿದೆ, ಇಡೀ ಸಾಲಿನ ಮೇಲೆ ನೀರು ಹಾಸಿಕೊಂಡು ಇಳಿಯುತ್ತಿತ್ತು. ಗುಡಿಗೆ ಓಡಿ ಮೈಕು ಹಿಡಿದೆ. ಊರು ಮಿಸುಕಲಿಲ್ಲ. ಎರಡನೇ ಸಲ ಸಾರಿದೆ. ಮೇಲಿನ ಬೀದಿಯ ಒಂದು ಕಿಟಕಿಯಿಂದ, “ಓಗ್ಲಾ, ಓಗಿ ವಾಲ್ವು ಮುಚ್ಕಬಾ” ಎಂದು ಯಾರೋ ಕೂಗಿದರು. ಬೀದಿಗೆ ಬೀದಿಯೇ ನಕ್ಕಿತು. ಮಾರಮ್ಮನ ಮೇಲೆ ಆಣೆ ಇಟ್ಟೆ. ಇನ್ನೂ ನಕ್ಕರು.

ಆಗ ಅವ್ವ ಮನೆಯಿಂದ ಹೊರಟಳು. ಕೋಲು ಊರಿಕೊಂಡು ಏರಿ ಹತ್ತಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ತಮಾಷೆ ನೋಡಲು ಒಂದಿಪ್ಪತ್ತು ಜನ. ಹಳ್ಳದ ಅಂಚಿನಲ್ಲಿ ಬಗ್ಗಿ ಬೊಗಸೆ ನೀರೆತ್ತಿದಳು. ಮೂಸಿದಳು. ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದಳು.

“ಪೌಡ್ರಿಲ್ಲ ಕಣ್ರೋ” ಅಂದಳು. “ಇದು ಕೆರೇದೇ.”

ಅಷ್ಟೇ ಸಾಕಾಯಿತು. ನಾನು ಆಣೆ ಇಟ್ಟರೂ ಕದಲದ ಊರು ಅವ್ವನ ನಾಲಿಗೆಯನ್ನು ನಂಬಿ ಏರಿಗೆ ಓಡಿಬಂತು. ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಪಂಚೆ ಯಾರಿಗೆ ಎಂಬ ಮಾತು ಬಂತು. ಕೆಲವರು ಮಾದೇವನಿಗೆ ಅಂದರು. ಜಯಮ್ಮ ಒಪ್ಪಲಿಲ್ಲ. “ಸಾರದು ಅಂದ್ರೆ ಮೈಕಲ್ಲಿ ಅರಚೋದಲ್ಲ. ಊರು ಯಾರ್ ಮಾತ್ ನಂಬ್ತೋ ಅವರೇ ಸಾರ್ದೋರು” ಎಂದು ಹೇಳಿ, ಕೆಂಪು ಅಂಚಿನ ಪಂಚೆಯನ್ನು ಅವ್ವನ ಕೈಗಿಟ್ಟರು. ಮುದುಕಿಗೆ ಪಂಚೆ ಯಾಕೆ ಎಂದು ಯಾರೂ ಕೇಳಲಿಲ್ಲ.

ಅವ್ವ ಅದನ್ನು ಬಿಡಿಸಿ ಸೀರೆಯ ಮೇಲೆ ಹೆಗಲ ತುಂಬ ಹೊದ್ದುಕೊಂಡಳು. “ನಿಮ್ಮಪ್ಪಂಗೆ ಉದ್ದ ಸರ್ಯಾಗ್ತಿತ್ತು” ಎಂದು ನನಗೆ ಮಾತ್ರ ಕೇಳುವಂತೆ ಅಂದಳು. ಅರಳಿಕಟ್ಟೆಯಿಂದ ನಮ್ಮ ಮನೆಗೆ ನೇರವಾಗಿ ಒಂದು ಓಣಿಯಿದೆ, ಎರಡು ನಿಮಿಷದ ದಾರಿ. ಅವ್ವ ಅವತ್ತು ಕೋಲು ಊರಿಕೊಂಡು ಮೇಲಿನ ಬೀದಿಯನ್ನು ಪೂರ್ತಿ ಸುತ್ತಿಕೊಂಡು ಮನೆಗೆ ಹೋದಳು.